ಮುಖ್ಯಸ್ಥನಾಗುವುದು, ಮುಖ್ಯಸ್ಥನಾಗಿ ಉಳಿಯುವುದು

(ಮಲಾಡಿನಲ್ಲಿ ಜರುಗಿದ ಹೋಟೆಲು ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾದ ಗದ್ದಲ ಆರಂಭವಾಗುವ ನಡುವೆ ನಮಗೆ ಸಿಗುವುದು ಎರಡು ತಾಸಿನ ಬಿಡುವು. ಆ ಹೊತ್ತಿನಲ್ಲಿ ಬೆನ್ನು ನೆಲಕ್ಕೆ ಹಾಕುವುದನ್ನು ಬಿಟ್ಟು ನೀವು ಇಲ್ಲಿ ಬಂದು ಕುಳಿತಿದ್ದೀರಿ. ಅದರ ಬೆಲೆ ನನಗೆ ಗೊತ್ತು. ಆದ್ದರಿಂದ ಸುತ್ತಿ ಬಳಸಿ ಮಾತಾಡುವುದಿಲ್ಲ.

ಇಂದಿನ ವಿಷಯವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಲಿಂಕ್ ರಸ್ತೆಯ ಮೈಂಡ್‌ಸ್ಪೇಸಿನ ಗಾಜಿನ ಕಟ್ಟಡಗಳಿಗೆ ದಿನವೂ ಇಡ್ಲಿ, ಚಹಾ ಕೊಂಡೊಯ್ಯುವ ನಮ್ಮ ಹುಡುಗನೊಬ್ಬ ಹೋದ ತಿಂಗಳು ನನ್ನನ್ನು ಕೇಳಿದ: “ಅಣ್ಣಾ, ಅಲ್ಲಿ ಮೇಲಿನ ಮಾಳಿಗೆಯಲ್ಲಿ ಕೂತುಕೊಳ್ಳುವವರಿಗೆ ಸಿ.ಇ.ಓ. ಅಂತ ಹೇಳುತ್ತಾರೆ. ಅಂದರೆ ಏನು? ನಮ್ಮಂಥವರು ಅದು ಆಗಲಿಕ್ಕುಂಟಾ?” ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ. ರಾತ್ರಿ ಮಲಗಿದ ಮೇಲೆ ಹಾಗೆ ನಕ್ಕದ್ದಕ್ಕೆ ನಾಚಿಕೆಯಾಯಿತು. ಆ ಹುಡುಗ ಕೇಳಿದ್ದರಲ್ಲಿ ನಗುವಂಥದು ಏನಿತ್ತು? ಬರುವ ಭಾನುವಾರ ನಮ್ಮ ಸಂಘದ ಮಹಾಸಭೆ. ಹೊಸ ಕಾರ್ಯದರ್ಶಿಯನ್ನು ಆರಿಸಬೇಕಾಗಿದೆ. ಹಾಗಾಗಿ ಅವನ ಪ್ರಶ್ನೆಗೆ ಉತ್ತರ ನಮಗೆಲ್ಲರಿಗೂ ಬೇಕು.

ಸಿ.ಇ.ಓ. ಎಂದರೆ ಮುಖ್ಯ ಕಾರ್ಯನಿರ್ವಾಹಕ. ಹೆಸರು ದೊಡ್ಡದು, ಅರ್ಥ ಸರಳ. ಏನು ನಡೆದರೂ, ಏನು ನಡೆಯದಿದ್ದರೂ, ಕೊನೆಗೆ ಉತ್ತರ ಹೇಳಬೇಕಾದವನು ಅವನು. ಬೆಳಿಗ್ಗೆ ಐದಕ್ಕೆ ಹಾಲು ಬರಲಿಲ್ಲ, ಗ್ಯಾಸು ಮುಗಿಯಿತು, ದೋಸೆಯ ಭಟ್ಟರಿಗೆ ಜ್ವರ, ಹೊರಗೆ ಗಿರಾಕಿಗಳ ಸಾಲು. ಆಗ ಹಾಲಿನವನು, ಗ್ಯಾಸಿನವನು, ಭಟ್ಟರು ತಮ್ಮ ತಮ್ಮ ಕಾರಣ ಹೇಳಿ ಮುಗಿಸಬಹುದು. ಕಾರಣ ಹೇಳಿ ಮುಗಿಸಲು ಬಾರದವನೊಬ್ಬ ಅಲ್ಲಿರುತ್ತಾನೆ. ಅವನೇ ಮುಖ್ಯಸ್ಥ. ಅಂಥವನು ಪ್ರತಿಯೊಂದು ಹೋಟೆಲಿನಲ್ಲಿ ಒಬ್ಬನಿದ್ದಾನೆ. ಗಾಜಿನ ಕಟ್ಟಡದಲ್ಲಿ ಮಾತ್ರ ಇರುವುದಲ್ಲ.

ಅಂಥವನಾಗುವ ಗುಣಗಳನ್ನು ಎಲ್ಲಿ ಕಲಿಯಬೇಕು? ದೊಡ್ಡ ಫೀಸು ಕೊಟ್ಟು ಕಲಿಯುವ ಕಾಲೇಜುಗಳಿವೆ. ನಾನು ಏಳನೆಯ ತರಗತಿಯ ತನಕ ಓದಿದವನು. ಆ ಕಾಲೇಜಿನ ಬಾಗಿಲು ಕಂಡವನಲ್ಲ. ಆದರೆ ನಮ್ಮ ಹೋಟೆಲೂ ಒಂದು ಶಾಲೆ ಎಂದು ನಾನು ಅನುಭವದಿಂದ ಹೇಳಬಲ್ಲೆ. ಕ್ಲೀನರನಾಗಿ ತಟ್ಟೆ ಎತ್ತುವವನಿಗೆ ಇಂದು ಸಾಂಬಾರು ಕೆಟ್ಟಿದೆ ಎಂಬುದು ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಏಕೆಂದರೆ ತಟ್ಟೆಯಲ್ಲಿ ಉಳಿದದ್ದನ್ನು ನೋಡುವವನು ಅವನೊಬ್ಬನೇ. ಸಪ್ಲಾಯರನು ನಾಲ್ಕು ಮೇಜಿನ ಹದಿನಾರು ಜನರ ಬೇಡಿಕೆಯನ್ನು ಕಾಗದವಿಲ್ಲದೆ ನೆನಪಿಡುತ್ತಾನೆ. ಸಿಟ್ಟಿನಲ್ಲಿ ಬಂದವನನ್ನು ಸಮಾಧಾನದಲ್ಲಿ ಕಳುಹಿಸುತ್ತಾನೆ. ಉಗ್ರಾಣ ನೋಡುವವನು ನಾಳೆ ಚೌತಿ, ನಾಡಿದ್ದು ಭಾನುವಾರ ಎಂದು ಲೆಕ್ಕ ಹಾಕಿ ಇವತ್ತೇ ಅಕ್ಕಿ ಉದ್ದು ತರಿಸುತ್ತಾನೆ. ಗಲ್ಲೆಯಲ್ಲಿ ಕುಳಿತವನು ಒಂದು ಕಣ್ಣು ಹಣದ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ ಇಡುತ್ತಾನೆ. ನೋಡುವುದು, ನೆನಪಿಡುವುದು, ಮುಂದಾಲೋಚನೆ, ಲೆಕ್ಕ, ಜನರೊಡನೆ ನಡತೆ: ಮುಖ್ಯಸ್ಥನಿಗೆ ಬೇಕಾದ ಐದೂ ಗುಣ ಇದರಲ್ಲಿ ಬಂದವು. ಆಳಾಗಿ ದುಡಿ, ಅರಸಾಗಿ ಉಣ್ಣು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದ್ದಲ್ಲ.

“ಇದೆಲ್ಲ ಮಾತಿಗೆ ಚೆನ್ನ, ಕಾರ್ಮಿಕರು ಎಲ್ಲಾದರೂ ತಾವೇ ನಡೆಸಿ ತೋರಿಸಿದ್ದಾರೆಯೇ?” ಎಂದು ನೀವು ಕೇಳಬಹುದು. ತೋರಿಸಿದ್ದಾರೆ, ಅದೂ ನಮ್ಮದೇ ಕಸುಬಿನಲ್ಲಿ. 1936ರಲ್ಲಿ ಇದೇ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸು ತೆರೆಯಿತು. ಸರಕಾರದ ಕಾಫಿ ಮಂಡಳಿ ದೇಶದ ಉದ್ದಗಲಕ್ಕೂ ಅಂಥ ಕಾಫಿ ಹೌಸುಗಳನ್ನು ನಡೆಸುತ್ತಿತ್ತು. 1950ರ ದಶಕದ ನಡುವಿನಲ್ಲಿ ಮಂಡಳಿಯು ಅವನ್ನು ಮುಚ್ಚಲು ನಿಶ್ಚಯಿಸಿತು. ನೌಕರರು ಬೀದಿಗೆ ಬೀಳುವ ಪರಿಸ್ಥಿತಿ. ಆಗ ಕಮ್ಯೂನಿಸ್ಟ್ ಮುಖಂಡ ಎ.ಕೆ. ಗೋಪಾಲನ್ ಅವರ ಪ್ರೋತ್ಸಾಹದಿಂದ ನೌಕರರು ಹೋರಾಡಿದರು. ಪರಿಹಾರ ಕೊಡಿ ಎಂದಷ್ಟೇ ಕೇಳಿ ಸುಮ್ಮನಾಗಲಿಲ್ಲ. ಕಾಫಿ ಹೌಸನ್ನೇ ನಮಗೆ ಕೊಡಿ, ನಾವು ನಡೆಸುತ್ತೇವೆ ಎಂದರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ನೌಕರರ ಸಹಕಾರಿ ಸಂಘ ಹುಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ, ಮರುವರ್ಷ ಕೇರಳದ ತೃಶ್ಶೂರಿನಲ್ಲಿ ಸಂಘಗಳಾದವು. ‘ಇಂಡಿಯಾ’ ಹೋಗಿ ‘ಇಂಡಿಯನ್ ಕಾಫಿ ಹೌಸ್’ ಎಂಬ ಹೆಸರಾಯಿತು. ನಿನ್ನೆ ತಟ್ಟೆ ಹಿಡಿದವರು ಇಂದು ಕಾಫಿ ಬೀಜ ಕೊಳ್ಳುವ, ಬಾಡಿಗೆ ಕಟ್ಟುವ, ಸಂಬಳ ನಿಗದಿ ಮಾಡುವ ಹೊಣೆ ಹೊತ್ತರು. ಬೆಂಗಳೂರಿನ ಎಂ.ಜಿ. ರಸ್ತೆಯ ಹಳೆಯ ಜಾಗವನ್ನು 2009ರಲ್ಲಿ ಬಿಡಬೇಕಾಗಿ ಬಂದಾಗಲೂ ಅವರು ಕೈಚೆಲ್ಲದೆ ಚರ್ಚ್ ಸ್ಟ್ರೀಟಿನಲ್ಲಿ ಬಾಗಿಲು ತೆರೆದರು. ಮುಖ್ಯಸ್ಥನಾಗಲು ಮೇಲಿನಿಂದ ಇಳಿದು ಬರಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇದು ಆಗುವ ಮಾತು. ಇನ್ನು ಉಳಿಯುವ ಮಾತು. ಅದು ಹೆಚ್ಚು ಕಷ್ಟದ್ದು.

ಜಾರ್ಜ್ ಫರ್ನಾಂಡಿಸರ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಮಂಗಳೂರಿನ ಮಗ. ಹತ್ತೊಂಬತ್ತರ ಪ್ರಾಯದಲ್ಲೇ ಅಲ್ಲಿನ ಹೋಟೆಲು ಮತ್ತು ಸಾರಿಗೆ ಕಾರ್ಮಿಕರನ್ನು ಒಟ್ಟುಗೂಡಿಸಲು ಹೊರಟವರು. 1949ರಲ್ಲಿ ಮುಂಬಯಿಗೆ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿ ದಿನ ಕಳೆದವರು. 1967ರ ಚುನಾವಣೆಯಲ್ಲಿ ಮುಂಬಯಿಯ ಪ್ರಬಲ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಮರುವರ್ಷ, 1968ರಲ್ಲಿ, ಅವರ ಮುಂದಾಳುತನದಲ್ಲಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕು ಸ್ಥಾಪನೆಯಾಯಿತು. ಹೆಸರಿನಲ್ಲೇ ಕಾರ್ಮಿಕನಿದ್ದ ಬ್ಯಾಂಕು ಅದು. ಮುಂದೆ 1977ರಲ್ಲಿ ಅದಕ್ಕೆ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕು ಎಂದು ಹೊಸ ಹೆಸರಾಯಿತು.

ಆ ಬ್ಯಾಂಕಿಗೆ ಏನಾಯಿತು? 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಅದರ ವ್ಯವಹಾರಕ್ಕೆ ತಡೆ ಹಾಕಿ ಆಡಳಿತ ಮಂಡಳಿಯನ್ನು ತೆಗೆದುಹಾಕಿತು. ಪ್ರಭಾದೇವಿ ಮತ್ತು ನಮ್ಮ ಪಕ್ಕದ ಗೋರೆಗಾಂವ್ ಶಾಖೆಗಳ ತಿಜೋರಿಯಿಂದ 122 ಕೋಟಿ ರೂಪಾಯಿ ಮಾಯವಾಗಿದೆ ಎಂದು ಪೋಲೀಸರಲ್ಲಿ ದೂರು ದಾಖಲಾಯಿತು. ಮೇಲಿನ ದರ್ಜೆಯ ಅಧಿಕಾರಿಗಳ ಬಂಧನವಾಯಿತು. ಯಾರು ಎಷ್ಟು ತಪ್ಪಿತಸ್ಥರು ಎಂಬುದನ್ನು ನ್ಯಾಯಾಲಯ ಹೇಳಬೇಕು. ಅದು ನನ್ನ ಕೆಲಸವಲ್ಲ. ಆದರೆ ತಮ್ಮದೇ ಹಣ ತೆಗೆಯಲಾರದೆ ಜನರು ಬಾಗಿಲಲ್ಲಿ ನಿಂತದ್ದು ಸತ್ಯ. ಎರಡು ವಾರಗಳ ತರುವಾಯ ತಲಾ 25,000 ರೂಪಾಯಿಯವರೆಗೆ ತೆಗೆಯಲು ಅಪ್ಪಣೆಯಾಯಿತು. ಅದೇ ವರ್ಷ ಬ್ಯಾಂಕು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಗಿ ಠೇವಣಿಗಳು ಅಲ್ಲಿಗೆ ಹೋದವು. ಅಷ್ಟರಮಟ್ಟಿಗೆ ಜನ ಬದುಕಿದರು. ಆದರೆ ಕಾರ್ಮಿಕರಿಗಾಗಿ ಕಟ್ಟಿದ ಬ್ಯಾಂಕು ಉಳಿಯಲಿಲ್ಲ.

ಫರ್ನಾಂಡಿಸರು 2019ರಲ್ಲೇ ತೀರಿಕೊಂಡಿದ್ದರು. ಕಟ್ಟಿದವನ ತ್ಯಾಗ ದೊಡ್ಡದಿದ್ದರೆ ಸಾಲದು. ತಿಜೋರಿಯಲ್ಲಿರುವ ಹಣವನ್ನು ಪುಸ್ತಕದಲ್ಲಿರುವ ಅಂಕಿಯೊಡನೆ ಕೈಯಾರೆ ಎಣಿಸಿ ತಾಳೆ ನೋಡುವವರು ಪ್ರತಿ ತಲೆಮಾರಿನಲ್ಲೂ ಬೇಕು. “ಅವರು ದೊಡ್ಡವರು, ಅವರನ್ನು ಹೇಗೆ ಕೇಳುವುದು?” ಎಂಬ ದಾಕ್ಷಿಣ್ಯ ಎಲ್ಲಿ ಹೊಕ್ಕಿತೋ ಅಲ್ಲಿ ಸಂಸ್ಥೆಯ ಕುಸಿತ ಸುರು.

ಇಷ್ಟು ಹೇಳಿ ನನ್ನ ತಪ್ಪನ್ನು ಮುಚ್ಚಿಟ್ಟರೆ ಈ ವೇದಿಕೆಯ ಮೇಲೆ ನಿಲ್ಲಲು ನನಗೆ ಹಕ್ಕಿಲ್ಲ. ಕೆಲವರಿಗೆ ಇದು ಗೊತ್ತುಂಟು, ಎಲ್ಲರಿಗೂ ಗೊತ್ತಾಗಲಿ. ಈ ಸಂಘ ಆಗುವ ಮೊದಲು ನಾವು ಇಪ್ಪತ್ತಮೂರು ಮಂದಿ ಸೇರಿ ತಿಂಗಳಿಗೆ ತಲಾ ಇನ್ನೂರು ರೂಪಾಯಿ ಹಾಕಿ ಒಂದು ಕಷ್ಟನಿಧಿ ಮಾಡಿಕೊಂಡಿದ್ದೆವು. ಪುಸ್ತಕ ನನ್ನ ಕೈಯಲ್ಲಿ, ನನ್ನ ಚೀಲದಲ್ಲಿ. ಯಾರೂ ಕೇಳುತ್ತಿರಲಿಲ್ಲ, ನಾನೂ ತೋರಿಸುತ್ತಿರಲಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಹೋಟೆಲುಗಳು ಮುಚ್ಚಿದವು. ಒಬ್ಬನಿಗೆ ಊರಿಗೆ ಹೋಗಲು, ಒಬ್ಬನಿಗೆ ಖೋಲಿಯ ಬಾಡಿಗೆಗೆ, ಒಬ್ಬನಿಗೆ ತಾಯಿಯ ಮದ್ದಿಗೆ ಎಂದು ಆ ಗಡಿಬಿಡಿಯಲ್ಲಿ ಕೊಡುತ್ತ ಹೋದೆ. ಕೆಲವನ್ನು ಬರೆದೆ, ಕೆಲವನ್ನು ಆಮೇಲೆ ಬರೆಯೋಣ ಎಂದು ಬಿಟ್ಟೆ. ಜನ ಹಿಂದೆ ಬಂದ ಮೇಲೆ ನನ್ನ ಊರಿನವನೇ ಒಬ್ಬ ಲೆಕ್ಕ ಕೇಳಿದ. 6,500 ರೂಪಾಯಿ ತಾಳೆಯಾಗಲಿಲ್ಲ. ಒಂದು ಪೈಸೆ ನಾನು ತಿಂದವನಲ್ಲ. ಆದರೆ ಆಗ ನಾನು ಹೇಳಿದ ಮಾತು ಯಾವುದು? “ನನ್ನ ಮೇಲೆ ನಿನಗೆ ನಂಬಿಕೆ ಇಲ್ಲವೇ?” ಎಂದು ಅವನ ಮೇಲೆಯೇ ಏರಿ ಹೋದೆ.

ಆ ಒಂದು ಮಾತಿನಿಂದ ನಿಧಿ ಒಡೆಯಿತು. ಹಣವನ್ನು ಐದು ತಿಂಗಳಲ್ಲಿ ನನ್ನ ಸಂಬಳದಿಂದ ತುಂಬಿದೆ. ಆದರೆ ಜನರು ತಮ್ಮ ತಮ್ಮ ಪಾಲು ತೆಗೆದುಕೊಂಡು ಹೋಗಿಬಿಟ್ಟರು. 2021ರ ಎರಡನೆಯ ಅಲೆಯಲ್ಲಿ ನಮ್ಮಲ್ಲೊಬ್ಬ ಆಸ್ಪತ್ರೆ ಸೇರಿದಾಗ ಕೊಡಲು ನಿಧಿಯೇ ಇರಲಿಲ್ಲ. ದೇವರು ದೊಡ್ಡವನು, ಅವನು ಬದುಕಿದ. ಆದರೆ ಊರಿನಲ್ಲಿ ಅವನ ಹೆಂಡತಿ ಕರಿಮಣಿ ಅಡವಿಟ್ಟಳು. ಆ ಹೊತ್ತು ನಮ್ಮ ಅಡಿಗೆಯ ಹಿರಿಯ ಭಟ್ಟರು ನನಗೆ ಹೇಳಿದರು: “ಮಗಾ, ಹಂಡೆಗೆ ಮುಚ್ಚಳ ಬೇಕು, ಲೆಕ್ಕದ ಪುಸ್ತಕಕ್ಕೆ ಬೇಡ.” ಲೆಕ್ಕ ಕೇಳಿದವನು ನನ್ನ ವೈರಿ ಎಂದು ತಿಳಿದಿದ್ದೆ. ನನ್ನನ್ನು ಉಳಿಸಬಹುದಾಗಿದ್ದವನು ಅವನೊಬ್ಬನೇ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು.

ಬಾಂಧವರೇ, ಕಳೆದ ಮೂರು ವರ್ಷ ಕಾರ್ಯದರ್ಶಿಯಾಗಿ ನಾನು ಪಾಲಿಸಿದ, ಮುಂದೆ ಬರುವವನಿಗೂ ಒಪ್ಪಿಸುವ ನಾಲ್ಕು ನಿಯಮಗಳಿವೆ.

ಮೊದಲನೆಯದು, ತಿಂಗಳ ಜಮಾಖರ್ಚನ್ನು ಗೋಡೆಗೆ ಅಂಟಿಸುವುದು. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಓದು ಬಾರದವನಿಗೆ ಒಬ್ಬನು ಓದಿ ಹೇಳಬೇಕು. ಇದು ನನ್ನ ಉದಾರತೆಯಲ್ಲ. 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯು ಸಂಘದ ವಾರ್ಷಿಕ ಲೆಕ್ಕಪತ್ರವನ್ನೂ ತನ್ನ ವ್ಯವಹಾರದ ಪುಸ್ತಕವನ್ನೂ ನೋಡುವ ಹಕ್ಕನ್ನು ಸದಸ್ಯನಿಗೆ ಕೊಟ್ಟಿದೆ. ಹಕ್ಕು ಕೇಳುವ ಮೊದಲೇ ಕೊಟ್ಟುಬಿಡುವುದು ಮುಖ್ಯಸ್ಥನಿಗೆ ಕ್ಷೇಮ.

ಎರಡನೆಯದು, ಹಣ ಎಣಿಸುವವನು ಬೇರೆ, ಬರೆಯುವವನು ಬೇರೆ. ಒಬ್ಬನೇ ಎರಡನ್ನೂ ಮಾಡಬಾರದು, ಅವನು ಹರಿಶ್ಚಂದ್ರನಾದರೂ ಸರಿಯೇ.

ಮೂರನೆಯದು, ವಿರುದ್ಧ ಮಾತಾಡುವವನೊಬ್ಬ ಸಮಿತಿಯಲ್ಲಿ ಇರಬೇಕು. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ 28 ಮಂದಿ ನೇಕಾರರೂ ಇತರ ಶ್ರಮಿಕರೂ ಸೇರಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ ಅವರ ಸರಕು. ಹೆಚ್ಚು ಬಂಡವಾಳ ಹಾಕಿದವನಿಗೂ ಕಡಿಮೆ ಹಾಕಿದವನಿಗೂ ಒಂದೇ ಮತ ಎಂಬುದು ಅವರ ಕಟ್ಟಳೆ. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ದೂ ಇದೇ ದಾರಿಯಲ್ಲಿ. ಅಲ್ಲಿ ಕಡಿಮೆ ಪಾಲಿನವನೂ ಎದ್ದು ನಿಂತು ಪ್ರಶ್ನೆ ಕೇಳಬಹುದು. ನನ್ನನ್ನು ಅಂದು ಲೆಕ್ಕ ಕೇಳಿದವನನ್ನು ಹುಡುಕಿ ಕರೆತಂದು ನಮ್ಮ ಸಮಿತಿಗೆ ಸೇರಿಸಿದ್ದೇನೆ. ಅವನು ಇಲ್ಲೇ ಕುಳಿತಿದ್ದಾನೆ. ಈಗಲೂ ನನ್ನ ಮುಖ ನೋಡಿ ರಿಯಾಯಿತಿ ತೋರಿಸುವುದಿಲ್ಲ.

ನಾಲ್ಕನೆಯದು, ಕುರ್ಚಿಗೆ ಕುಳಿತ ದಿನವೇ ನಂತರದವನನ್ನು ತಯಾರು ಮಾಡತೊಡಗಬೇಕು. ಭಟ್ಟರು ರಜೆ ಹೋದರೆ ಹಿಟ್ಟಿನ ಹದ ಬೇರಾರಿಗೂ ತಿಳಿಯದ ಹೋಟೆಲು ಎಷ್ಟು ದಿನ ನಡೆದೀತು? ಸಹಕಾರಿ ಬ್ಯಾಂಕಿನ ನಿರ್ದೇಶಕನೊಬ್ಬ ಒಂದೇ ಸಮನೆ ಎಂಟು ವರ್ಷಕ್ಕಿಂತ ಹೆಚ್ಚು ಇರಬಾರದೆಂದು ಕಾಯಿದೆಯಿತ್ತು. 2025ರಲ್ಲಿ ಅದನ್ನು ಹತ್ತು ವರ್ಷಕ್ಕೆ ಏರಿಸಿದ್ದಾರೆ. ಹತ್ತಾದರೂ ಅದು ಒಂದು ಮಿತಿಯೇ. ನಮ್ಮಂಥ ಚಿಕ್ಕ ಸಂಘಕ್ಕೆ ಮೂರು ವರ್ಷ ಸಾಕು ಎಂಬುದು ನನ್ನ ಅಭಿಪ್ರಾಯ.

“ಹಾಗಾದರೆ ಉಳಿಯುವುದು ಎಂದರೇನು, ನೀನೇ ಬಿಟ್ಟು ಹೋಗುವುದಾದರೆ?” ಎಂದು ಕೇಳುವಿರಿ. ನಾನು ಇಲ್ಲದ ದಿನವೂ ತಿಂಗಳ ಲೆಕ್ಕ ಗೋಡೆಗೆ ಏರಿದರೆ, ರಾತ್ರಿ ಹನ್ನೆರಡಕ್ಕೆ ಜ್ವರ ಬಂದ ಹುಡುಗನಿಗೆ ನಿಧಿಯಿಂದ ಹಣ ಸಿಕ್ಕಿದರೆ, ನಾನು ಉಳಿದ ಹಾಗೆಯೇ. ಕುರ್ಚಿಯಲ್ಲಿ ಇಪ್ಪತ್ತು ವರ್ಷ ಕುಳಿತೂ ನಿಧಿ ಒಡೆದರೆ ನಾನು ಒಂದು ದಿನವೂ ಉಳಿದವನಲ್ಲ.

ಆದುದರಿಂದ ಬರುವ ಭಾನುವಾರದ ಆಯ್ಕೆಗೆ ನಾನು ನಿಲ್ಲುವುದಿಲ್ಲ. ಒತ್ತಾಯ ಮಾಡಬೇಡಿರಿ. ಕಳೆದ ಒಂದು ವರ್ಷದಿಂದ ನಮ್ಮ ಪುಸ್ತಕ ಬರೆಯುತ್ತಿರುವ ಇಬ್ಬರು ಹುಡುಗರಿದ್ದಾರೆ. ಅವರಲ್ಲಿ ಒಬ್ಬ ಮೈಂಡ್‌ಸ್ಪೇಸಿಗೆ ಇಡ್ಲಿ ಒಯ್ಯುವವನೇ. ಯಾರಿಗೆ ಮತ ಹಾಕಬೇಕೆಂದು ನಾನು ಹೇಳುವುದಿಲ್ಲ. ಆದರೆ ಮತ ಹಾಕುವ ಮೊದಲು ಪುಸ್ತಕ ತರಿಸಿ ನೋಡಿರಿ, ಪ್ರಶ್ನೆ ಕೇಳಿರಿ. ಕೇಳಿದಾಗ ಯಾರು ಸಿಟ್ಟಾಗದೆ ಪುಟ ತೆರೆದು ತೋರಿಸುತ್ತಾನೋ ಅವನನ್ನು ಆರಿಸಿರಿ. ತಮ್ಮಾ, ನೀನು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ: ಆಗಲಿಕ್ಕುಂಟು, ಖಂಡಿತ ಉಂಟು. ಆದ ಮೇಲೆ ಯಾರಾದರೂ ಲೆಕ್ಕ ಕೇಳಿದರೆ ನಾನು ಸಿಟ್ಟಾದ ಹಾಗೆ ನೀನು ಸಿಟ್ಟಾಗಬೇಡ.

ಗಂಟೆ ಐದಾಗುತ್ತ ಬಂತು. ಕಾವಲಿ ಬಿಸಿಯಾಗಬೇಕು, ಗಿರಾಕಿ ಕಾಯುವುದಿಲ್ಲ.