ಮನೆ ಕಾಯುವ ನಾಯಿಗೆ ವರ್ಷಕ್ಕೊಂದು ಚುಚ್ಚುಮದ್ದು



ಬೀಜ, ಗೊಬ್ಬರ, ಕಳೆ, ಕೀಟ ಎಂದು ಮಾತಾಡಬೇಕಾದ ಬೇಸಾಯದ ಅಧಿಕಾರಿ ಈ ಹೊತ್ತು ನಾಯಿಯ ಮಾತು ಯಾಕೆ ಎತ್ತಿದ ಅಂತ ನಿಮಗೆ ಅನ್ನಿಸಬಹುದು. ಕಾರಣ ಉಂಟು. ಒಕ್ಕಲು ಮನೆಯಲ್ಲಿ ನಾಯಿ ಎಂದರೆ ಸಂಬಳವಿಲ್ಲದ ಒಬ್ಬ ಆಳು. ರಾತ್ರಿ ಕಣ ಕಾಯುತ್ತದೆ, ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗಿದರೆ ಬೊಗಳಿ ಎಬ್ಬಿಸುತ್ತದೆ, ಕುರಿ ಹಿಂಡಿನ ಹಿಂದೆ ಹೋಗುತ್ತದೆ. ಹೊಸಬರು ಬಂದರೆ ಬಾಗಿಲಲ್ಲೇ ತಡೆಯುತ್ತದೆ. ಇಷ್ಟೆಲ್ಲ ಮಾಡುವ ಆ ಪ್ರಾಣಿಗೆ ನಾವು ಕೊಡುವುದು ಮಿಕ್ಕಿದ ಮುದ್ದೆ, ಅಷ್ಟೆ. ಎತ್ತಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುತ್ತೇವೆ, ಕೋಳಿಗೂ ಹಾಕಿಸುತ್ತೇವೆ. ನಾಯಿಗೆ? ‘ನಾಯಿಗೇನು ಬಿಡಿ ಸ್ವಾಮಿ’ ಅನ್ನುತ್ತೇವೆ. ಅಲ್ಲೇ ನಾವು ಎಡವುವುದು.

ಹುಚ್ಚುನಾಯಿ ರೋಗಕ್ಕೆ ರೇಬೀಸ್ ಎಂದು ಹೆಸರು. ಇದು ಕಣ್ಣಿಗೆ ಕಾಣದ ಒಂದು ವಿಷಾಣುವಿನಿಂದ ಬರುವ ರೋಗ. ಬಿಸಿಲಿಗೆ ನಾಯಿಗೆ ಹುಚ್ಚು ಹಿಡಿಯುತ್ತೆ, ಹಳಸಿದ ಮಾಂಸ ತಿಂದರೆ ಹುಚ್ಚು ಹಿಡಿಯುತ್ತೆ ಎನ್ನುವುದೆಲ್ಲ ಸುಳ್ಳು. ಹುಚ್ಚು ಹಿಡಿದ ಇನ್ನೊಂದು ಪ್ರಾಣಿ ಕಚ್ಚಿಯೇ ಇದು ಬರಬೇಕು. ವಿಷಾಣು ಇರುವುದು ಜೊಲ್ಲಿನಲ್ಲಿ. ಕಚ್ಚಿದ ಗಾಯದಿಂದ ಅದು ನರಕ್ಕೆ ಸೇರಿ, ನರದ ಹಾದಿ ಹಿಡಿದು ನಿಧಾನವಾಗಿ ಮೆದುಳಿಗೆ ಹೋಗುತ್ತದೆ. ತೊಗರಿ ಗಿಡಕ್ಕೆ ಸೊರಗು ರೋಗ ಬೇರಿನಿಂದ ಕಾಂಡಕ್ಕೆ ಏರುವುದನ್ನು ನೀವು ಕಂಡಿದ್ದೀರಿ. ಗಿಡ ಬಾಡಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಕೆಲಸ ಮುಗಿದಿರುತ್ತದೆ. ಇದೂ ಹಾಗೆಯೇ. ಮನುಷ್ಯನಿಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ರೋಗ ಕಾಣಿಸುತ್ತದೆ. ಕೆಲವರಿಗೆ ಒಂದು ವಾರಕ್ಕೇ ಬರುವುದುಂಟು, ಕೆಲವರಿಗೆ ವರ್ಷ ಹಿಡಿಯುವುದುಂಟು. ಮುಖಕ್ಕೆ, ತಲೆಗೆ, ಕೈಬೆರಳಿಗೆ ಕಚ್ಚಿದ್ದರೆ ಬೇಗ. ಒಮ್ಮೆ ರೋಗ ತಲೆದೋರಿತೋ, ನೀರು ಗುಟುಕರಿಸಲಾಗದೆ ಗಂಟಲು ಬಿಗಿಯುತ್ತದೆ, ಗಾಳಿ ಬೀಸಿದರೂ ಮೈ ಬೆಚ್ಚುತ್ತದೆ. ಆಮೇಲೆ ಯಾವ ಆಸ್ಪತ್ರೆಯಲ್ಲೂ ಮದ್ದಿಲ್ಲ. ಹಾಗೆ ರೋಗ ಹತ್ತಿದ ಮೇಲೆ ಬದುಕಿದವರು ಇಡೀ ಲೋಕದಲ್ಲಿ ಬೆರಳೆಣಿಕೆಯಷ್ಟು. ಆದರೆ ರೋಗ ತಲೆದೋರುವ ಮೊದಲು ತಡೆಯುವುದು ಪೂರಾ ನಮ್ಮ ಕೈಯಲ್ಲಿದೆ. ಈ ಎರಡು ಮಾತೂ ನೆನಪಿರಲಿ.

ಮನುಷ್ಯರಿಗೆ ಬರುವ ರೇಬೀಸಿನಲ್ಲಿ ನೂರಕ್ಕೆ 99 ಪಾಲು ನಾಯಿಯಿಂದಲೇ ಬರುವುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಕ್ಕು, ನರಿ, ಮುಂಗುಸಿ ಕಚ್ಚಿದರೂ ಬರಬಹುದು. ‘ನಮ್ಮ ನಾಯಿ ಮನೆಯದು, ಬೀದಿ ನಾಯಿ ಅಲ್ಲವಲ್ಲ’ ಅಂತೀರಾ? ಹಳ್ಳಿಯಲ್ಲಿ ಸಾಕಿದ ನಾಯಿಯನ್ನು ಕಟ್ಟುವವರು ಎಷ್ಟು ಮಂದಿ? ರಾತ್ರಿಯೆಲ್ಲ ಅದು ಊರಾಡುತ್ತದೆ, ಬೇರೆ ನಾಯಿಯ ಕೂಡ ಕಚ್ಚಾಡುತ್ತದೆ, ಬೆಳಗ್ಗೆ ಏನೂ ಆಗದ ಹಾಗೆ ಬಂದು ಜಗಲಿಯ ಮೇಲೆ ಮಲಗುತ್ತದೆ. ಕೂದಲಿನ ಸಂದಿಯಲ್ಲಿ ಒಂದು ಹಲ್ಲಿನ ಗಾಯವಿದ್ದರೆ ನಮಗೆ ಕಾಣುವುದೇ ಇಲ್ಲ. ಬೀದಿ ನಾಯಿ ಕಂಡರೆ ಮಗು ದೂರ ಓಡುತ್ತದೆ. ಮನೆ ನಾಯಿಯ ಬಾಯಿಗೆ ತಾನೇ ರೊಟ್ಟಿ ಇಡುತ್ತದೆ. ಕಾಯುವ ನಾಯಿಯಿಂದಲೇ ರೋಗ ಒಳಗೆ ಬಂದರೆ ಬೇಲಿಯೇ ಎದ್ದು ಹೊಲ ಮೇದ ಹಾಗೆ. ಬೆಲೆಬಾಳುವ ಮುಧೋಳ ನಾಯಿಯಾಗಲಿ, ಊರ ಕಂತ್ರಿಯಾಗಲಿ, ಈ ರೋಗಕ್ಕೆ ಜಾತಿ ಭೇದವಿಲ್ಲ.

ಹುಚ್ಚು ಹಿಡಿದ ನಾಯಿಯನ್ನು ಗುರುತಿಸುವುದು ಹೇಗೆ? ಕಣ್ಣು ಕೆಂಪಾಗಿ, ಜೊಲ್ಲು ಸುರಿಸುತ್ತಾ, ಕಂಡಕಂಡದ್ದನ್ನು ಕಚ್ಚುತ್ತಾ ಓಡುವ ನಾಯಿಯನ್ನು ಎಲ್ಲರೂ ಬಲ್ಲರು. ಇನ್ನೊಂದು ಬಗೆ ಉಂಟು, ಅದು ಮೂಕ ಹುಚ್ಚು. ನಾಯಿ ಮಂಕಾಗಿ ಮೂಲೆಯಲ್ಲಿ, ಕಣಜದ ಹಿಂದೆ ಕತ್ತಲಲ್ಲಿ ಮಲಗುತ್ತದೆ. ಕೆಳದವಡೆ ಜೋತು ಬೀಳುತ್ತದೆ, ನುಂಗಲಾಗುವುದಿಲ್ಲ, ಬೊಗಳುವ ದನಿ ಒಡೆಯುತ್ತದೆ. ಮನೆಯವರು ‘ಪಾಪ, ಗಂಟಲಲ್ಲಿ ಮೂಳೆ ಸಿಕ್ಕಿದೆ’ ಎಂದು ಬಾಯಿಗೆ ಕೈ ಹಾಕುತ್ತಾರೆ. ಕಚ್ಚದೆ ಹೋದರೂ ಬೆರಳಿನ ಗೀರಿಗೆ ಜೊಲ್ಲು ತಾಗಿತೆಂದರೆ ಅಪಾಯವೇ. ನೀರು ಕುಡಿದರೆ ಹುಚ್ಚಿಲ್ಲ ಎನ್ನುವ ಪರೀಕ್ಷೆಯೂ ಸರಿಯಲ್ಲ. ನೀರಿನ ಭಯ ಮನುಷ್ಯನಿಗೆ. ಹುಚ್ಚು ಹಿಡಿದ ನಾಯಿ ನೀರಿಗೆ ಬಾಯಿ ಹಾಕುತ್ತದೆ, ಹಳ್ಳವನ್ನೂ ದಾಟುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತು, ರೋಗದ ಗುರುತು ಕಾಣುವುದಕ್ಕೆ ಕೆಲವು ದಿನ ಮೊದಲೇ ನಾಯಿಯ ಜೊಲ್ಲಿನಲ್ಲಿ ವಿಷ ಬಂದಿರುತ್ತದೆ. ಆಗ ಅದು ಬಾಲ ಅಲ್ಲಾಡಿಸುತ್ತಲೇ ಇರುತ್ತದೆ. ಆದ್ದರಿಂದ ಕಣ್ಣನ್ನು ನಂಬಬೇಡಿ, ಚುಚ್ಚುಮದ್ದನ್ನು ನಂಬಿ.

ಚುಚ್ಚುಮದ್ದು ಹಾಕಿಸುವ ಕ್ರಮ ಸುಲಭ. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಚುಚ್ಚು. ಸುಮಾರು ಒಂದು ತಿಂಗಳ ನಂತರ ಎರಡನೆಯದು. ಆಮೇಲೆ ವರ್ಷಕ್ಕೊಂದು. ದೊಡ್ಡ ನಾಯಿಗೆ ಇದುವರೆಗೆ ಹಾಕಿಸಿಲ್ಲವೇ? ಇವತ್ತೇ ಶುರು ಮಾಡಿ, ಮುಂದಿನದನ್ನು ಪಶುವೈದ್ಯರು ಹೇಳುತ್ತಾರೆ. ಚುಚ್ಚಿದ ದಿನವೇ ಬಲ ಬರುವುದಿಲ್ಲ, ಮೂರು ನಾಲ್ಕು ವಾರ ಬೇಕು. ಊರಿನಲ್ಲಿ ಹುಚ್ಚುನಾಯಿ ಬಂದ ಮೇಲೆ ಹಾಕಿಸೋಣ ಎಂದರೆ ಅದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಆದ್ದರಿಂದ ಸೀಸೆ ತಂದು ಮನೆಯಲ್ಲಿಟ್ಟು ತಾವೇ ಚುಚ್ಚುವ ಕೆಲಸ ಬೇಡ. ಪಶು ಆಸ್ಪತ್ರೆಗೇ ಕರೆದುಕೊಂಡು ಹೋಗಿ. ಹಗ್ಗ ಹಾಕಿ, ಮೂತಿಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿ, ದಿನಾ ಅನ್ನ ಹಾಕುವ ದೊಡ್ಡವರೇ ಹಿಡಿದುಕೊಳ್ಳಲಿ, ಮಕ್ಕಳು ಬೇಡ. ಕೊಟ್ಟ ಚೀಟಿಯನ್ನು ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ.

ವರ್ಷ ವರ್ಷ ನೆನಪಿರುವುದು ಹೇಗೆ ಅಂತೀರಾ? ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಈ ಲಸಿಕೆಯನ್ನು 1885ರಲ್ಲಿ ಮೊದಲಿಗೆ ಒಬ್ಬ ಹುಡುಗನ ಮೇಲೆ ಪ್ರಯೋಗಿಸಿ ಅವನನ್ನು ಉಳಿಸಿದ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು. ಆ ಹೊತ್ತಿಗೆ ಅನೇಕ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ನಾಯಿಗಳಿಗೆ ಲಸಿಕೆ ಹಾಕುತ್ತಾರೆ. ನಮಗೆ ಅದು ಆಯುಧಪೂಜೆಯ ಸುಮಾರು. ನೇಗಿಲು, ಮಚ್ಚು, ಟ್ರಾಕ್ಟರು ತೊಳೆಯುವ ಕಾಲಕ್ಕೆ ನಾಯಿಗೂ ಚುಚ್ಚು ಎಂದು ಲೆಕ್ಕ ಇಟ್ಟುಕೊಳ್ಳಿ. ಒಬ್ಬೊಬ್ಬರಾಗಿ ಹೋಗುವುದಕ್ಕಿಂತ ಹಾಲಿನ ಸಂಘದವರು, ಪಂಚಾಯಿತಿಯವರು ಸೇರಿ ಒಂದು ದಿನ ಗೊತ್ತು ಮಾಡಿ ಪಶುವೈದ್ಯರನ್ನು ಊರಿಗೇ ಕರೆಸಿದರೆ ಇನ್ನೂ ಒಳ್ಳೆಯದು. ಊರಿನ ಹತ್ತು ನಾಯಿಯಲ್ಲಿ ಏಳಕ್ಕೆ ಲಸಿಕೆ ಬಿದ್ದರೆ ರೋಗಕ್ಕೆ ಊರಲ್ಲಿ ಕಾಲೂರಲು ಜಾಗ ಸಿಗುವುದಿಲ್ಲ. ನಮ್ಮ ನೆರೆಯ ಗೋವಾದಲ್ಲಿ ಹೀಗೇ ಪ್ರತಿ ವರ್ಷ ಹತ್ತಾರು ಸಾವಿರ ನಾಯಿಗಳಿಗೆ ಬಿಡದೆ ಲಸಿಕೆ ಹಾಕಿದರು. 2018ರಿಂದ ಮೂರು ವರ್ಷ ಅಲ್ಲಿ ಒಬ್ಬರೂ ಈ ರೋಗದಿಂದ ಸಾಯಲಿಲ್ಲ. ನಾಯಿಗಳನ್ನು ಬಡಿದು ಕೊಲ್ಲುವುದರಿಂದ ಈ ಕೆಲಸ ಆಗುವುದಿಲ್ಲ. ಕೊಂದ ಜಾಗಕ್ಕೆ ಲಸಿಕೆಯಿಲ್ಲದ ಹೊಸ ನಾಯಿ ಬರುತ್ತದೆ.

ಈಗ, ಕಚ್ಚಿಬಿಟ್ಟರೆ ಏನು ಮಾಡಬೇಕು? ಇದನ್ನು ಮನೆಯ ಹೆಂಗಸರು, ಮಕ್ಕಳು ಎಲ್ಲರೂ ಗಮನವಿಟ್ಟು ಕೇಳಿ.

ಮೊದಲನೆಯದು, ಆ ಕ್ಷಣವೇ ಗಾಯವನ್ನು ಸುರಿಯುವ ನೀರಿನಲ್ಲಿ ಸೋಪು ಹಚ್ಚಿ ಪೂರಾ ಹದಿನೈದು ನಿಮಿಷ ತೊಳೆಯಿರಿ. ನಲ್ಲಿಯೋ, ಪಂಪ್‌ಸೆಟ್ಟೋ, ಬಿಂದಿಗೆಯೋ, ಯಾವುದಾದರೂ ಸರಿ. ಬಟ್ಟೆ ಸೋಪಾದರೂ ಆದೀತು. ಸೋಪಿಗೆ ಈ ವಿಷಾಣು ಸಾಯುತ್ತದೆ. ಮೆಣಸಿನಪುಡಿ, ಸುಣ್ಣ, ಕಾಫಿಪುಡಿ, ಎಕ್ಕದ ಹಾಲು ಯಾವುದನ್ನೂ ಹಚ್ಚಬೇಡಿ. ಗಾಯ ಉರಿದಷ್ಟೂ, ಕೆರಳಿದಷ್ಟೂ ವಿಷಾಣು ನರಕ್ಕೆ ಇಳಿಯಲು ಅನುಕೂಲ.

ಎರಡನೆಯದು, ಅದೇ ದಿನ ಆಸ್ಪತ್ರೆಗೆ ಹೋಗಿ. ಹಿಂದೆ ಹೊಟ್ಟೆಯ ಸುತ್ತ ಹದಿನಾಲ್ಕು ಚುಚ್ಚುತ್ತಿದ್ದರು ಎಂಬ ಹೆದರಿಕೆ ಹಿರಿಯರಲ್ಲಿ ಇನ್ನೂ ಇದೆ. ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಮದ್ದು. 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದು ನಿಂತೇ ಹೋಯಿತು. ಈಗ ತೋಳಿಗೆ ಕೊಡುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೆಯ ದಿನ. ಮಾಂಸಕ್ಕೆ ಕೊಡುವುದಾದರೆ 14ನೆಯ ದಿನವೂ ಸೇರಿ ಐದು. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ರಕ್ತ ಬಂದ ಗಾಯವಾದರೆ ಗಾಯದ ಸುತ್ತಲೇ ಇನ್ನೊಂದು ಮದ್ದು ಕೊಡುತ್ತಾರೆ, ಅದನ್ನು ಬಿಡಬಾರದು. ಕುಯ್ಲಿನ ದಿನ ಬಂತು, ಆಳು ಬಂದರು ಎಂದು ನಡುವೆ ತಪ್ಪಿಸಬೇಡಿ. ಅರ್ಧ ಕಟ್ಟಿದ ಬದು ನೀರು ನಿಲ್ಲಿಸೀತೇ? ಕುಡುಗೋಲು ತಾಗಿ ಕೊಯ್ದ ಕೈಯನ್ನು ನಾಯಿ ನೆಕ್ಕಿದರೂ ಅದು ಕಚ್ಚಿದಂತೆಯೇ ಲೆಕ್ಕ.

ಮೂರನೆಯದು, ಕಚ್ಚಿದ ನಾಯಿಯನ್ನು ಕೊಲ್ಲಬೇಡಿ. ಮನೆಯದಾದರೆ ಕಟ್ಟಿ ಹಾಕಿ ಹತ್ತು ದಿನ ನೋಡಿ. ಹತ್ತು ದಿನ ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವಿಷ ಇರಲಿಲ್ಲವೆಂದು ತಿಳಿಯಬಹುದು. ಹಾಗೆಂದು ಹತ್ತು ದಿನ ಕಾದು ಆಮೇಲೆ ಆಸ್ಪತ್ರೆಗೆ ಹೋಗುವುದಲ್ಲ. ಚಿಕಿತ್ಸೆ ಮೊದಲೇ ಶುರುವಾಗಲಿ, ಮುಂದುವರಿಸುವುದೋ ನಿಲ್ಲಿಸುವುದೋ ವೈದ್ಯರು ಹೇಳಲಿ. ಲಸಿಕೆ ಹಾಕಿಸಿದ ನಾಯಿ ಕಚ್ಚಿದರೂ, ಸಣ್ಣ ಮರಿ ಹಲ್ಲೂರಿದರೂ ವೈದ್ಯರಿಗೆ ತೋರಿಸಿಯೇ ತೀರಬೇಕು.

ಮಂತ್ರ ಹಾಕಿಸಿ, ಬೇರು ತಿನ್ನಿಸಿ ವಾಸಿಯಾದವರನ್ನು ಕಂಡಿದ್ದೇವೆ ಎಂದು ಕೆಲವರು ಹೇಳುತ್ತಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಕಚ್ಚಿದ ನಾಯಿಗೆಲ್ಲ ಹುಚ್ಚು ಇರುವುದಿಲ್ಲ. ಹುಚ್ಚು ಹಿಡಿದದ್ದು ಕಚ್ಚಿದರೂ ಪ್ರತಿಯೊಬ್ಬರಿಗೂ ರೋಗ ಹತ್ತುವುದಿಲ್ಲ. ಬರದೇ ಇದ್ದ ರೋಗವನ್ನು ವಾಸಿ ಮಾಡಿದ ಹೆಸರು ಬೇರಿಗೆ ಬರುತ್ತದೆ. ಬಂದವನು ಮಾತ್ರ ತಿಂಗಳುಗಳ ಮೇಲೆ ಸಾಯುತ್ತಾನೆ, ಆಗ ಯಾರಿಗೂ ಬೇರಿನ ನೆನಪಿರುವುದಿಲ್ಲ. ಪೂಜೆ ಮಾಡಿಸುವುದಿದ್ದರೆ ಮಾಡಿಸಿ, ಚುಚ್ಚುಮದ್ದು ಹಾಕಿಸಿ ಬಂದ ಮೇಲೆ.

ದನಕರುಗಳ ಮಾತೂ ಹೇಳಬೇಕು. ಹುಚ್ಚುನಾಯಿ ಕೊಟ್ಟಿಗೆಗೆ ನುಗ್ಗಿ ಹಸುವನ್ನು ಕಚ್ಚಿದರೆ ಅದರ ಗಾಯವನ್ನೂ ಹಾಗೆಯೇ ಸೋಪಿನಲ್ಲಿ ತೊಳೆದು ಕೂಡಲೇ ಪಶುವೈದ್ಯರಿಗೆ ತಿಳಿಸಿ. 1962 ಎಂಬ ಸಂಖ್ಯೆಗೆ ಫೋನು ಮಾಡಬಹುದು. ಕಚ್ಚಿದ ಮೇಲೂ ದನಕ್ಕೆ ಕೊಡುವ ಲಸಿಕೆ ಉಂಟು. ಹಸು ಮೇವು ಬಿಟ್ಟು, ಜೊಲ್ಲು ಸುರಿಸಿ, ಒಡಕು ದನಿಯಲ್ಲಿ ಮೇಲಿಂದ ಮೇಲೆ ಕೂಗುತ್ತಿದ್ದರೆ, ಗಂಟಲಿಗೆ ಏನೋ ಸಿಕ್ಕಿದೆ ಎಂದು ಬರಿಗೈ ಹಾಕಬೇಡಿ. ಅದರ ಹಾಲನ್ನು ಯಾರೂ ಬಳಸಬಾರದು, ಸಂಘಕ್ಕೂ ಹಾಕಬಾರದು. ಹಿಂದೆ ಕುಡಿದ ಹಾಲು ಕಾಯಿಸಿದ್ದಾದರೆ ಹೆದರಬೇಕಾಗಿಲ್ಲ, ಕುದಿಯುವಾಗ ವಿಷಾಣು ಸಾಯುತ್ತದೆ. ಹಸಿ ಹಾಲು ಕುಡಿದಿದ್ದರೆ ವೈದ್ಯರನ್ನು ಕೇಳಿ.

ಕೊನೆಯದಾಗಿ ತಂದೆತಾಯಿಗಳಿಗೆ ಒಂದು ಮಾತು. ನಾಯಿ ಕಡಿತಕ್ಕೆ ಸಿಕ್ಕುವವರಲ್ಲಿ ಬಹಳ ಮಂದಿ ಮಕ್ಕಳು. ‘ನಾಯಿ ತಂಟೆಗೆ ಯಾಕೆ ಹೋದೆ’ ಎಂದು ಹೊಡೆದರೆ, ಮುಂದಿನ ಸಲ ಮಗು ಗಾಯವನ್ನು ಲಂಗದ ಕೆಳಗೆ, ಅಂಗಿಯ ತೋಳಿನೊಳಗೆ ಮುಚ್ಚಿಡುತ್ತದೆ. ಗಾಯ ತಾನಾಗಿ ಮಾಯುತ್ತದೆ, ಎಲ್ಲರೂ ಮರೆಯುತ್ತಾರೆ. ಎರಡು ತಿಂಗಳಾದ ಮೇಲೆ ಮಗು ನೀರು ಬೇಡ ಅನ್ನುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆದ್ದರಿಂದ ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳಿಗೆ ಹೇಳಿ: ‘ನಾಯಿ ಕಚ್ಚಿದರೆ, ಪರಚಿದರೆ ಓಡಿ ಬಂದು ಹೇಳು, ಯಾರೂ ಬೈಯುವುದಿಲ್ಲ’. ಹೇಳಿದ್ದೇ ಆದರೆ ಬೈಯಲೂ ಬೇಡಿ.

ನಿಮ್ಮ ಬಾಗಿಲಲ್ಲಿ ಮಲಗಿರುವ ನಾಯಿ ವರ್ಷವೆಲ್ಲ ನಿಮ್ಮನ್ನು ಕಾಯುತ್ತದೆ. ವರ್ಷಕ್ಕೆ ಒಂದು ಹೊತ್ತು ನೀವು ಅದನ್ನು ಕಾಯಿರಿ. ಈ ವಾರದ ಸಂತೆಗೆ ಹೋಗುವಾಗ ಅದನ್ನೂ ಜೊತೆಗೆ ಕರೆದುಕೊಂಡು ಪಶು ಆಸ್ಪತ್ರೆಯ ಬಾಗಿಲು ತಟ್ಟಿ.