ಕನ್ನಡಿಯಿಲ್ಲದ ಕ್ಯಾಮೆರಾ

ಬಳಸಿದ ಪುಸ್ತಕವನ್ನು ಕೊಳ್ಳಲು ನಾನು ಎಂದೂ ಹಿಂಜರಿದವನಲ್ಲ. ಹಿಂದಿನ ಒಡೆಯನ ಹೆಸರು, ಅಂಚಿನಲ್ಲಿ ಆತ ಗೀಚಿದ ಟಿಪ್ಪಣಿ, ಪುಟಗಳ ನಡುವೆ ಮರೆತುಹೋದ ಬಸ್ಸಿನ ಟಿಕೆಟು ಇವೆಲ್ಲ ಪುಸ್ತಕದ ಕ್ರಯವನ್ನು ಇಳಿಸಬಹುದು, ಮೌಲ್ಯವನ್ನಲ್ಲ. ಆದರೆ ಬಳಸಿದ ಕ್ಯಾಮೆರಾ ಒಂದನ್ನು ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಈಚೆಗೆ ಎದುರಾದಾಗ ಆ ಧೈರ್ಯವೆಲ್ಲ ಎಲ್ಲಿಯೋ ಅಡಗಿತು.

ಕ್ಯಾಮೆರಾ ಬೇಕೆನಿಸಿದ್ದು ವೀರಗಲ್ಲುಗಳಿಗಾಗಿ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಅವುಗಳಿಗೆ ಬರವಿಲ್ಲ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಈ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಒಂದೆರಡು ಸಾಲು ಅಕ್ಷರ. ಬಿ. ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ 7 ಮತ್ತು 8ನೆಯ ಸಂಪುಟಗಳಲ್ಲಿ 1902 ಮತ್ತು 1904ರಲ್ಲಿ ಅಚ್ಚು ಹಾಕಿಸಿದರು. ಆ ಪಾಠವನ್ನು ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ನಿಂತರೆ, ಅಂದು ಓದಿದ ಸಾಲು ಇಂದು ಬರಿಯ ಒರಟು ಕಲ್ಲಾಗಿರುವುದನ್ನು ನಾನು ಕಂಡಿದ್ದೇನೆ. ಮಳೆಗೆ ಅವಸರವಿಲ್ಲ, ಬಿಡುವೂ ಇಲ್ಲ. ಅರವತ್ತು ದಾಟಿದ ನನಗೆ ಅವಸರವುಂಟು.

ಹೀಗಿರುವಾಗ ಮದುವೆಗಳ ಚಿತ್ರ ತೆಗೆಯುವ ತರುಣನೊಬ್ಬ, ನನ್ನ ಹಳೆಯ ವಿದ್ಯಾರ್ಥಿಯ ಮಗ, ತನ್ನ ಮಿರರ್‌ಲೆಸ್ ಕ್ಯಾಮೆರಾವನ್ನು ಮಾರಲಿದ್ದಾನೆಂದು ತಿಳಿಯಿತು. ಹಳೆಯ ಬಗೆಯ ಕ್ಯಾಮೆರಾದಲ್ಲಿ ಮಸೂರದ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದು ಬೆಳಕನ್ನು ನಮ್ಮ ಕಣ್ಣಿಗೆ ತಿರುಗಿಸುತ್ತದೆ. ಗುಂಡಿ ಒತ್ತಿದಾಗ ಮೇಲಕ್ಕೆ ಹಾರುತ್ತದೆ. 2008ರಲ್ಲಿ ಪ್ಯಾನಸೋನಿಕ್ ಕಂಪನಿಯ ಲೂಮಿಕ್ಸ್ ಜಿ1 ಪೇಟೆಗೆ ತಂದ ಹೊಸ ಬಗೆಯಲ್ಲಿ ಆ ಕನ್ನಡಿಯೇ ಇಲ್ಲ. ಕನ್ನಡಿ ಹೋದುದರಿಂದ ಒಡಲು ತೆಳುವಾಯಿತು. ನಿಕಾನ್‌ನ ಹಳೆಯ ಮಸೂರಕ್ಕೂ ಫಿಲ್ಮಿಗೂ 46.5 ಮಿಲಿಮೀಟರ್ ಅಂತರ ಬೇಕು. ಸೋನಿಯ ಮಿರರ್‌ಲೆಸ್‌ನಲ್ಲಿ ಆ ಅಂತರ 18 ಮಾತ್ರ. ಉಳಿದ ಎಡೆಯನ್ನು ಒಂದು ಬಳೆಯಿಂದ ತುಂಬಿದರೆ ಹಳೆಯ ಮಸೂರ ಹೊಸ ಒಡಲಿಗೆ ಹೊಂದುತ್ತದೆ. 1985ರಲ್ಲಿ ಮೊದಲ ಸಂಬಳಗಳನ್ನು ಕೂಡಿಟ್ಟು ಕೊಂಡ ನನ್ನ 50 ಮಿಲಿಮೀಟರ್ ಮಸೂರ ಬೀರುವಿನಲ್ಲಿದೆಯೆಂಬುದು ನೆನಪಾಗಿ ಆಸೆ ಇಮ್ಮಡಿಸಿತು.

ಬೆಲೆ ಮಸೂರಸಹಿತ 32,000 ರೂಪಾಯಿ. ‘ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬಂತಾಗಿದ್ದ ನಾನು ಪರೀಕ್ಷಕನ ಗತ್ತಿನಲ್ಲಿ ಹೋದೆ. ಬಿಲ್ಲಿನ ಮೇಲಿನ ಸಂಖ್ಯೆಯನ್ನು ಕ್ಯಾಮೆರಾದ ಮೇಲಿನದರೊಂದಿಗೆ ಹೋಲಿಸಿದೆ. ತಿರುಪುಗಳ ತಲೆಯಲ್ಲಿ ಗೀರುಂಟೇ, ಅಂದರೆ ಯಾರಾದರೂ ಬಿಚ್ಚಿದ್ದಾರೆಯೇ, ನೋಡಿದೆ. ಬೆಳಕಿನ ಕಂಡಿಯನ್ನು ಕಿರಿದುಗೊಳಿಸಿ ಬಿಳಿಗೋಡೆಯ ಚಿತ್ರ ತೆಗೆದೆ. ಸೆನ್ಸರಿನ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಶಟರ್ 41,000 ಸಲ ತೆರೆದು ಮುಚ್ಚಿತ್ತು. ಕೊನೆಗೆ ಮಸೂರದೊಳಕ್ಕೆ ಟಾರ್ಚ್ ಬಿಟ್ಟಾಗ ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಎಳೆಗಳು: ಬೂಸ್ಟು!

“ಮಲೆನಾಡಿನ ಮಳೆ ಸರ್. ಈ ಲೆನ್ಸನ್ನ ನಾನು ಹೊರಗೆ ತೆಗೆದದ್ದೇ ಕಡಿಮೆ. ಉಳಿದವು ದಿನಾ ದುಡಿಯುತ್ತವೆ, ಅವಕ್ಕೇನೂ ಆಗಿಲ್ಲ,” ಎಂದ ಆತ.

ಗೆದ್ದವನಂತೆ ಮನೆಗೆ ಬಂದೆ. ಬೀರುವಿನಿಂದ ನನ್ನ ಮಸೂರವನ್ನು ತೆಗೆದು ಅದರೊಳಕ್ಕೂ ಟಾರ್ಚ್ ಬಿಟ್ಟೆ. ಅದೇ ಬಲೆ, ಇನ್ನೂ ದಟ್ಟವಾಗಿ.

ಅಂದು ರಾತ್ರಿ ನನಗೆ ಹೊಳೆದುದು ಇಷ್ಟೆ: ಬಳಸಿದ ವಸ್ತುವಿನಲ್ಲಿ ಎಷ್ಟು ಬಳಕೆಯಾಗಿದೆಯೆಂದು ನಾವು ಅಂಜುತ್ತೇವೆ. 41,000 ಸಲ ದುಡಿದ ಶಟರಿಗೆ ಏನೂ ಆಗಿರಲಿಲ್ಲ. ಕತ್ತಲಲ್ಲಿ ಭದ್ರವಾಗಿದ್ದ ಎರಡು ಮಸೂರಗಳನ್ನು ಬೂಸ್ಟು ತಿಂದಿತ್ತು. ಹಾಗಾದರೆ ನಾನು ಪರೀಕ್ಷಿಸಬೇಕಾದದ್ದು ಆತನ ಕ್ಯಾಮೆರಾವನ್ನಲ್ಲ, ನನ್ನನ್ನು. ಕೊಂಡರೆ ನಾನು ಬಳಸುವೆನೇ?

ತೀರ್ಮಾನವನ್ನು ಒಂದು ತಿಂಗಳು ಮುಂದೂಡಿದೆ. ಪ್ರತಿ ಭಾನುವಾರ ಬೆಳಿಗ್ಗೆ, ಎಳೆಬಿಸಿಲು ಓರೆಯಾಗಿ ಬಿದ್ದು ಅಕ್ಷರಗಳಿಗೆ ನೆರಳು ಮೂಡುವ ಹೊತ್ತಿಗೆ, ಜೇಬಿನ ಮೊಬೈಲಿನಿಂದಲೇ ಚಿತ್ರ ತೆಗೆಯುವುದು. ನಾಲ್ಕರಲ್ಲಿ ಮೂರು ವಾರವಾದರೂ ಹೋದರೆ ಕೊಳ್ಳುವುದು ಎಂದು ಕರಾರು. ಒಂದು ವಾರ ಮಳೆ ತಡೆಯಿತು. ಮೂರು ವಾರ ಹೋದೆ. ಎದ್ದುಕಾಣುವ ಅಕ್ಷರಗಳಿಗೆ ಮೊಬೈಲು ಸಾಕೆಂಬುದು ತಿಳಿಯಿತು. ಆದರೆ ಸವೆದ ಸಾಲುಗಳಲ್ಲಿ ಅದು ಚಿತ್ರವನ್ನು ತಾನೇ ನಯಗೊಳಿಸಿ, ಕಲ್ಲಿನ ಒರಟಿನೊಂದಿಗೆ ಅಕ್ಷರದ ಅಳಿದುಳಿದ ಗೆರೆಯನ್ನೂ ಅಳಿಸಿಬಿಡುತ್ತಿತ್ತು. ನನಗೆ ಬೇಕಾದದ್ದು ಆ ಗೆರೆಯೇ.

ತರುಣನ ಮಸೂರವನ್ನು ಅವನಿಗೇ ಬಿಟ್ಟು ಒಡಲನ್ನಷ್ಟೇ 24,000 ರೂಪಾಯಿಗೆ ಕೊಂಡೆ. ನನ್ನ ಮಸೂರವನ್ನು ರಿಪೇರಿಯವರು ಬಿಚ್ಚಿ ಒರೆಸಿಕೊಟ್ಟರು. ಬೂಸ್ಟು ಉಂಡ ಜಾಗದಲ್ಲಿ ಗಾಜಿನ ಲೇಪ ಕೊಂಚ ಹಾಳಾಗಿದೆ, ಅದು ಮರಳದು. ಕೈಯಿಂದಲೇ ಫೋಕಸ್ ಮಾಡಬೇಕು. ಕಿಂಡಿಯೊಳಗೆ ಚಿತ್ರ ಹಿಗ್ಗಿ ಕಾಣುವುದರಿಂದ ಮುದಿಗಣ್ಣಿಗೂ ಕಷ್ಟವಿಲ್ಲ.

ಕಳೆದ ವಾರ ಹೊಲದ ಬದುವಿನ ಕಲ್ಲೊಂದರಲ್ಲಿ, ಬರಿಗಣ್ಣಿಗೆ ಕಾಣದಿದ್ದ ಮೂರು ಅಕ್ಷರ ದಕ್ಕಿದವು. ಅವು ಒಂದು ಹೆಸರಿನ ಕೊನೆಯೆಂದು ತೋರುತ್ತದೆ. ಹೆಸರಿನ ಮೊದಲನ್ನು ಹುಡುಕಲು ಈ ಭಾನುವಾರ ಮತ್ತೆ ಹೋಗಬೇಕಾಗಿದೆ.