ಮನೆ ವಿಮೆ: ಆ 42 ಲಕ್ಷ ಎಲ್ಲಿಂದ ಬಂತು?

ಕೋಲ್ಕತ್ತಾದ ಕಸ್ಬಾದಿಂದ ಮಾತಾಡ್ತಾ ಇದ್ದೀನಿ. ಊರು ಹಾಸನದ ಕಡೆ, ಕೆಲಸ ಸೆಕ್ಟರ್ ಫೈವ್‌ನಲ್ಲಿ. 2022ರಲ್ಲಿ ಇಲ್ಲೇ ಒಂದು ಹಳೇ ಫ್ಲ್ಯಾಟ್ ತಗೊಂಡೆ, ನೆಲಮಹಡಿಯದು. ಬೆಲೆ 58 ಲಕ್ಷ, ಸಾಲ 42 ಲಕ್ಷ. ಸಾಲದ ಕಾಗದಗಳ ಕಟ್ಟಿನೊಳಗೇ ಮನೆ ವಿಮೆಯ ಅರ್ಜಿಯೂ ಇತ್ತು, ಅದಕ್ಕೂ ಸಹಿ ಹಾಕಿದೆ. ಓದಲಿಲ್ಲ. ಆಫೀಸಲ್ಲಿ ಯಾರಾದ್ರೂ ಕಾನ್ಫಿಗ್ ಫೈಲ್ ಓದದೆ ಡಿಪ್ಲಾಯ್ ಮಾಡಿದರೆ ನಾನೇ ಬೈಯೋನು.

2025ರ ಸೆಪ್ಟೆಂಬರ್ 22ರ ರಾತ್ರಿ. ಮಹಾಲಯ ಮುಗಿದು ಒಂದು ದಿನ ಆಗಿತ್ತು, ಬೀದಿ ತುಂಬಾ ಪೆಂಡಾಲಿನ ಬಿದಿರು. ಬೆಳಗಾಗೋ ಹೊತ್ತಿಗೆ ಅಲಿಪುರದ ಹವಾಮಾನ ಕಚೇರಿಯ ಲೆಕ್ಕದಲ್ಲಿ 24 ಗಂಟೆಯ ಮಳೆ 250 ಮಿಲಿಮೀಟರ್ ದಾಟಿತ್ತು. ಆ ದಿನ ನಗರದಲ್ಲಿ ವಿದ್ಯುತ್ ತಗುಲಿ ಜನ ಸತ್ತರು. ನಮ್ಮನೆ ಒಳಗೆ ಮೊಣಕಾಲುದ್ದ ನೀರು. ಫ್ರಿಜ್, ವಾಷಿಂಗ್ ಮಷೀನ್, ಮಂಚ ಎಲ್ಲ ಹೋಯ್ತು. ಅಮ್ಮ ಊರಿಂದ ಕಳಿಸಿದ್ದ ರೇಷ್ಮೆ ಸೀರೆಗಳ ಟ್ರಂಕೂ ಹೋಯ್ತು. ಅಮ್ಮ ಫೋನಲ್ಲಿ ಕೇಳಿದ್ದು ಒಂದೇ ಮಾತು: "ವಿಮೆ ಮಾಡ್ಸಿದ್ದೀಯಲ್ಲೋ, ಕೊಡ್ತಾರಲ್ವಾ?"

ಪಾಲಿಸಿ ತೆಗೆದು ನೋಡಿದೆ. ವಿಮಾ ಮೊತ್ತ 42 ಲಕ್ಷ. ಪಕ್ಕದಲ್ಲೇ "ಕಟ್ಟಡ ಮಾತ್ರ" ಅಂತ ಬರೆದಿತ್ತು. ಸಾಮಾನಿಗೆ ಸೊನ್ನೆ.

ಈ 42 ಲಕ್ಷ ಎಲ್ಲಿಂದ ಬಂತು? ಮನೆ ನೋಡಿ ಯಾರೂ ಹಾಕಿದ್ದಲ್ಲ, ಯಾರೂ ನೋಡೋಕೆ ಬಂದೇ ಇರಲಿಲ್ಲ. ಸಾಲದ ಮೊತ್ತವನ್ನೇ ಆ ಕಾಲಮ್ಮಿಗೆ ಎತ್ತಿ ಹಾಕಿದ್ರು. ನಿಜವಾದ ಲೆಕ್ಕ ಬೇರೆ. ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಅಂತ ಒಂದು ಪ್ರಮಾಣಿತ ಪಾಲಿಸಿ ಇದೆ. ಐಆರ್‌ಡಿಎಐ ರೂಪಿಸಿದ್ದು. ಯಾವ ಕಂಪನಿಯಿಂದ ತಗೊಂಡ್ರೂ ಮೂಲ ಷರತ್ತುಗಳು ಒಂದೇ. ಅದರ ಪ್ರಕಾರ ಕಟ್ಟಡದ ವಿಮಾ ಮೊತ್ತ ಅಂದ್ರೆ ಕಾರ್ಪೆಟ್ ಏರಿಯಾವನ್ನ ಪಾಲಿಸಿ ಶುರುವಾಗೋ ದಿನದ ಕಟ್ಟೋ ದರದಿಂದ ಗುಣಿಸಿದ್ದು. ಬಾಲ್ಕನಿ, ಪಾರ್ಕಿಂಗ್ ಇದ್ದರೆ ಅವುಗಳ ವಿಸ್ತೀರ್ಣದ ಕಾಲುಭಾಗ ಸೇರುತ್ತೆ. ಜಾಗದ ಬೆಲೆ ಇಲ್ಲ, ರೂಬಿ ಮೋಡ್ ಹತ್ತಿರ ಇದೆ ಅನ್ನೋ ಬೆಲೆ ಇಲ್ಲ.

ನಂದು 720 ಚದರಡಿ, ಅಂದ್ರೆ ಸುಮಾರು 67 ಚದರ ಮೀಟರ್. ಚದರಡಿಗೆ 2,500 ರೂಪಾಯಿ ಅಂತ ನಾನು ಹಿಡಿದ ದರದಲ್ಲಿ 18 ಲಕ್ಷ ಆಗುತ್ತೆ. ಮೂರು ವರ್ಷ ನಾನು 42 ಲಕ್ಷದ ಮೇಲೆ ಪ್ರೀಮಿಯಂ ಕಟ್ಟಿದ್ದೀನಿ. ಜಾಸ್ತಿ ಬರೆಸಿದ್ರೆ ಜಾಸ್ತಿ ಸಿಗುತ್ತೆ ಅನ್ಕೋಬೇಡಿ. ಸಿಗೋದು ರಿಪೇರಿಗೆ ಆಗೋ ಖರ್ಚಷ್ಟೇ. 18 ಲಕ್ಷ ಬರೆಸಿ, ಸಾಮಾನನ್ನೂ ಸೇರಿಸಿದ್ದಿದ್ರೆ ಪಟ್ಟಿ ಕೊಡದೆಯೇ ಅದರ 20 ಪರ್ಸೆಂಟ್, ಅಂದ್ರೆ 3.6 ಲಕ್ಷ, ಸಾಮಾನಿಗೆ ತಾನಾಗೇ ಸಿಗ್ತಿತ್ತು. ಹಾಗೆ ತಾನಾಗೇ ಸಿಗೋದಕ್ಕೆ 10 ಲಕ್ಷದ ಮಿತಿ ಇದೆ, ಅದಕ್ಕಿಂತ ಹೆಚ್ಚು ಬೇಕಿದ್ರೆ ವಿವರ ಕೊಡಬೇಕು. ಒಡವೆಯದು ಬೇರೆ ಐಚ್ಛಿಕ ಭಾಗ.

ಇಲ್ಲೊಂದು ಮಾತು. "ನಂದು ಹೋಮ್ ಲೋನ್ ಇನ್ಶೂರೆನ್ಸ್ ಇದೆ ಗುರು" ಅಂತ ಆರಾಮಾಗಿರೋ ಸ್ನೇಹಿತರು ತುಂಬಾ ಜನ ಇದ್ದಾರೆ. ಅದು ಬಹಳ ಸಲ ನಿಮ್ಮ ಜೀವದ ಮೇಲಿನ ವಿಮೆ. ನೀವು ಸತ್ತರೆ ಸಾಲ ತೀರುತ್ತೆ. ಮನೆಗೆ ನೀರು ನುಗ್ಗಿದ್ರೆ ಅದು ಏನೂ ಕೊಡಲ್ಲ. ಇವತ್ತೇ ತೆಗೆದು ನೋಡಿ.

ಆಸ್ಟಿನ್‌ನಲ್ಲಿರೋ ನನ್ನ ಎಂಟೆಕ್ ಗೆಳೆಯನದು ಉಲ್ಟಾ ಕತೆ. ಅವನು ಪಾಲಿಸಿ ತಗೊಂಡ ಕೆಲವೇ ವಾರದಲ್ಲಿ ಕಂಪನಿ ಕಡೆಯವರು ಬಂದು ಮನೆ ಸುತ್ತ ನಡೆದು ಚಾವಣಿಯ ಫೋಟೋ ತೆಗೆದ್ರು. ಆಮೇಲೆ ಚಾವಣಿ ಮೇಲೆ ಬಾಗಿರೋ ಕೊಂಬೆ ಕಡಿಸಿ ಅಂತ ಪತ್ರ. ವಿಸ್ತೀರ್ಣ, ಕಟ್ಟಿದ ವರ್ಷ, ಚಾವಣಿ, ಒಳಗಿನ ಫಿನಿಶಿಂಗ್ ಇಷ್ಟನ್ನೂ ಒಂದು ಸಾಫ್ಟ್‌ವೇರಿಗೆ ಹಾಕಿ ಮತ್ತೆ ಕಟ್ಟೋ ಖರ್ಚು ತೆಗೀತಾರೆ. ಆದರೆ ಅಲ್ಲಿನ ಸಾಮಾನ್ಯ ಮನೆ ಪಾಲಿಸಿಯಲ್ಲಿ ಪ್ರವಾಹ ಸೇರಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ನಮ್ಮದರಲ್ಲಿ ಪ್ರವಾಹ ಸೇರಿದೆ, ಆದರೆ ನೋಡೋಕೆ ಬರೋದು ನೀರು ಬಂದು ಹೋದ ಮೇಲೆ.

ಹಾಗೆ ಬಂದವರು ಸರ್ವೇಯರ್. ಐಆರ್‌ಡಿಎಐ ಪರವಾನಗಿ ಇರೋರು, ಐವತ್ತು ದಾಟಿದ ಮನುಷ್ಯ, ಕೈಯಲ್ಲಿ ಟೇಪು, ಟಾರ್ಚು. ಎರಡು ಗಂಟೆ ಇದ್ದರು. ಮೊದಲು ಗೋಡೆ ಮೇಲೆ ಕೆಸರಿನ ಗೆರೆ ಹುಡುಕಿ ಟೇಪ್ ಹಿಡಿದು ಫೋಟೋ. ಅಡುಗೆಮನೆ ಮೂಲೆಯಲ್ಲಿ ಪ್ಲಾಸ್ಟರ್ ಉದುರಿತ್ತು, ಅದನ್ನ ಉಗುರಲ್ಲಿ ಕೆರೆದರು. ಬಿಳಿ ಉಪ್ಪು ಬಂತು. "ಇದು ಈ ಮಳೆಯದಲ್ಲ ದಾದಾ, ವರ್ಷಗಳ ತೇವ" ಅಂತ ಬಂಗಾಳಿಯಲ್ಲಿ ಹೇಳಿ ಲೆಕ್ಕದಿಂದ ತೆಗೆದರು. ನಾನು ವಾದ ಮಾಡಬೇಕು ಅಂತಿದ್ದೆ, ಆದರೆ ಅವರು ಹೇಳಿದ್ದು ಸರಿ. ಗೋಡೆಗೆ ಬಿಗಿದ ಕಪಾಟು, ಬಾಗಿಲು, ವೈರಿಂಗ್ ಕಟ್ಟಡದ ಲೆಕ್ಕಕ್ಕೆ ಬಂತು. ಎತ್ತಿ ಸಾಗಿಸಬಹುದಾದ ಬೀರು ಸಾಮಾನಿನ ಲೆಕ್ಕಕ್ಕೆ ಹೋಯ್ತು, ಅಂದ್ರೆ ನನ್ನ ಪಾಲಿಗೆ ಸೊನ್ನೆ. ಕೊನೆಗೆ ಬಾಗಿಲು, ವೈರಿಂಗ್, ಬಣ್ಣದ ದುಡ್ಡು ಬಂತು. ಸೀರೆ ಟ್ರಂಕಿಗೆ ಏನೂ ಇಲ್ಲ. ಅಮ್ಮಂಗೆ ಅದನ್ನ ಹೇಳೋಕೆ ಎರಡು ದಿನ ತಗೊಂಡೆ.

ಎದುರು ಫ್ಲ್ಯಾಟಿನ ಜೇಠು ರಿಟೈರ್ ಆದವರು, ಅವರನ್ನ ನಾವು ಹಾಗೇ ಕರೆಯೋದು. ಅವರ ಪಾಲಿಸಿಯಲ್ಲಿ ಸಾಮಾನೂ ಇತ್ತು. ನಾತ ಹೊಡೆಯೋ ಫ್ರಿಜ್ಜನ್ನ ಸರ್ವೇಯರ್ ಬರೋವರೆಗೂ ಬಾಲ್ಕನಿಯಲ್ಲಿ ಇಟ್ಟುಕೊಂಡೇ ಇದ್ದರು, ಬೌದಿ ಎಷ್ಟು ಬೈದ್ರೂ ಎಸೆಯಲಿಲ್ಲ. ಅವರಿಗೆ ದುಡ್ಡು ಬಂತು. ನೀವೂ ಎಸೆಯೋ ಮುಂಚೆ ಫೋಟೋ ತೆಗೀರಿ, ಸೀರಿಯಲ್ ನಂಬರ್ ಸಮೇತ.

ಈ ವರ್ಷ ನವೀಕರಣಕ್ಕೆ ಮುಂಚೆ ಕ್ರಯಪತ್ರ ತೆಗೆದು, ನಾನೇ ಟೇಪ್ ಹಿಡಿದು ಮನೆ ಅಳೆದೆ. ಈ ಪಾಲಿಸಿಯಲ್ಲಿ ಮೊತ್ತ ಕಮ್ಮಿ ಬರೆಸಿದ್ದಾರೆ ಅಂತ ಕ್ಲೇಮನ್ನ ಅನುಪಾತದಲ್ಲಿ ಕತ್ತರಿಸೋ ಹಳೇ ಪದ್ಧತಿ ಇಲ್ಲ. ಹಾಗಂತ ವಿಸ್ತೀರ್ಣ ತಪ್ಪು ಬರೆಯೋಕೆ ಹೋಗಬೇಡಿ. ಮೊತ್ತ ವರ್ಷಕ್ಕೆ 10 ಪರ್ಸೆಂಟ್ ತಾನೇ ಏರುತ್ತೆ. ಇನ್ನೊಂದು: ಮಾಮೂಲಿ ಕಳ್ಳತನ ಇದರಲ್ಲಿಲ್ಲ. ಬೆಂಕಿ, ಪ್ರವಾಹದಂಥದ್ದು ಆಗಿ, ಅದರಿಂದಾಗಿ ಏಳು ದಿನದೊಳಗೆ ಕಳುವಾದರೆ ಮಾತ್ರ.

ಅಳೆಯುವಾಗ ಷರತ್ತುಗಳನ್ನೂ ಪೂರ್ತಿ ಓದಿದೆ. ನೆಲ ಕುಸಿತಕ್ಕೆ ವಿಮೆ ಇದೆ, ಆದರೆ ಮಣ್ಣು ತುಂಬಿ ಮಾಡಿದ ನೆಲ ಕುಗ್ಗಿದರೆ ಇಲ್ಲ. ಕಟ್ಟಡದ ವಿನ್ಯಾಸ, ಕೆಲಸ ಕಳಪೆ ಆಗಿದ್ರೂ ಇಲ್ಲ, ರಿಪೇರಿ ಕೆಲಸದಿಂದ ಕುಸಿದ್ರೂ ಇಲ್ಲ. ಇದನ್ನ ಓದಿದಾಗ ಬಾಘಾಜತೀನ್ ನೆನಪಾಯ್ತು. 2025ರ ಜನವರಿಯಲ್ಲಿ ಅಲ್ಲಿ ನಾಲ್ಕಂತಸ್ತಿನ ಕಟ್ಟಡ ಒಂದು ಕಡೆಗೆ ವಾಲಿತು, ಅದನ್ನ ಎತ್ತಿ ಸರಿಮಾಡೋ ಕೆಲಸ ನಡೆಯುತ್ತಿದ್ದಾಗಲೇ. ಕೆರೆ ಮುಚ್ಚಿದ ಬಡಾವಣೆಯಲ್ಲಿ ಮನೆ ಮಾಡಿರೋ ಬೆಂಗಳೂರಿನವರು ಈ ಷರತ್ತನ್ನ ಎರಡು ಸಲ ಓದಿ.

ಜೇಠು ಹತ್ತಿರ ಕೇಳಿದೆ, ನಮ್ಮ ಕಟ್ಟಡ ಇರೋ ಜಾಗದಲ್ಲಿ ಮೊದಲು ಏನಿತ್ತು ಅಂತ. ಅವರು ಲಿಫ್ಟಿನ ಕಡೆ ಕೈ ತೋರಿಸಿ, "ಅಲ್ಲೊಂದು ಪುಕುರ್ ಇತ್ತು, ನಾನು ಈಜು ಕಲಿತಿದ್ದು ಅದರಲ್ಲೇ" ಅಂದ್ರು. ಪುಕುರ್ ಅಂದ್ರೆ ಕೊಳ. ಹಳೇ ಭೂದಾಖಲೆ ತೆಗೆಸೋಕೆ ಕೊಟ್ಟಿದ್ದೀನಿ. ಬಂದ ಮೇಲೆ ಕಂಪನಿಗೆ ಲಿಖಿತದಲ್ಲಿ ಕೇಳ್ತೀನಿ, ಏನು ಉತ್ತರ ಬಂತು ಅಂತ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ.